ಕೇಳಿದ ಪ್ರಶ್ನೆಗೆ ಉತ್ತರ ಎಲ್ಲಿ?

ನಿನ್ನೆ ರಾತ್ರಿ ಕ್ರೈಸ್ತ ವಿಶ್ವಾಸದ ಸಮರ್ಥನೆಯ ಕುರಿತ ಸಂವಾದವೊಂದರ ವಿಡಿಯೊ ನೋಡಿದೆ. ಮನಸ್ಸು ಇನ್ನೂ ಕುದಿಯುತ್ತಿದೆ. ಮರಣದಿಂದ ಎದ್ದ ಯೇಸುವಿನ ಖಾಲಿ ಸಮಾಧಿಗೆ ಹೋದ ಸ್ತ್ರೀಯರ ಹೆಸರುಗಳು ಆತನ ಜೀವನವನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಏಕೆ ಒಂದೇ ತೆರನಾಗಿಲ್ಲ ಎಂದು ವಿದ್ಯಾರ್ಥಿಯೊಬ್ಬ ವಿನಯದಿಂದಲೇ ಕೇಳಿದ. ಭಾಷಣಕಾರರು ಅದಕ್ಕೆ ಉತ್ತರಿಸದೆ, ದೇವರನ್ನೇ ನಂಬದ ನಿನಗೆ ತರ್ಕವನ್ನು ನಂಬುವ ಹಕ್ಕು ಎಲ್ಲಿಂದ ಬಂತು ಎಂದು ತಿರುಗಿ ಕೇಳಿದರು. ಸಭೆ ಚಪ್ಪಾಳೆ ತಟ್ಟಿತು, ಹುಡುಗ ಕುಳಿತುಬಿಟ್ಟ. ಯುವಕರ ಸತ್ಯವೇದ ಅಧ್ಯಯನ ಕೂಟ ನಡೆಸುವ ನನ್ನನ್ನು ಬಲ್ಲವರಿಗೆ, ಆ ಚಪ್ಪಾಳೆ ನನ್ನನ್ನೇಕೆ ಇಷ್ಟು ನೋಯಿಸಿತೆಂದು ವಿವರಿಸಬೇಕಿಲ್ಲ.

ಆ ಮರುಪ್ರಶ್ನೆಯ ಹಿಂದೆ ಗಂಭೀರವಾದ ಚಿಂತನೆಯೇ ಇದೆ. ದೇವರನ್ನು ಮೊದಲು ಒಪ್ಪಿಕೊಳ್ಳದೆ ತರ್ಕಕ್ಕಾಗಲಿ ನೀತಿಗಾಗಲಿ ಭದ್ರವಾದ ನೆಲೆಯಿಲ್ಲವೆಂದು ಅಮೆರಿಕದ ವೆಸ್ಟ್‌ಮಿನ್‌ಸ್ಟರ್ ಸೆಮಿನರಿ ಎಂಬ ದೈವಶಾಸ್ತ್ರ ಶಾಲೆಯಲ್ಲಿ ದಶಕಗಳ ಕಾಲ ಬೋಧಿಸಿದ ಕಾರ್ನೇಲಿಯಸ್ ವ್ಯಾನ್ ಟಿಲ್ ವಾದಿಸಿದರು. 13ನೆಯ ಶತಮಾನದ ದೈವಶಾಸ್ತ್ರಜ್ಞ ಥಾಮಸ್ ಅಕ್ವಿನಾಸರು ಚಲನೆ, ಕಾರಣ ಮೊದಲಾದವುಗಳಿಂದ ಹೊರಟು ಐದು ಮಾರ್ಗಗಳಲ್ಲಿ ದೇವರ ಇರುವಿಕೆಯತ್ತ ಸಾಗಿದರು. ವಾದದ ಆಸರೆಯಿಲ್ಲದೆಯೂ ದೇವರಲ್ಲಿನ ನಂಬಿಕೆ ವಿವೇಕಯುತವಾಗಿರಬಲ್ಲದು ಎಂದವರು ಅಮೆರಿಕದ ತತ್ವಶಾಸ್ತ್ರಜ್ಞ ಆಲ್ವಿನ್ ಪ್ಲಾಂಟಿಂಗ. ಇವರೆಲ್ಲರಿಂದ ನಾನು ಕಲಿತಿದ್ದೇನೆ. ಆದರೆ ಚರಿತ್ರೆಯ ಪ್ರಶ್ನೆ ಕೇಳಿದವನಿಗೆ ಚರಿತ್ರೆಯಿಂದಲೇ ಉತ್ತರ ಕೊಡಬೇಕು.

ಉತ್ತರ ಇರಲಿಲ್ಲವೇ? ಇತ್ತು! ಸುವಾರ್ತೆಗಳನ್ನು ಬರೆದವರಲ್ಲಿ ಮಾರ್ಕನು ಮೂವರು ಸ್ತ್ರೀಯರನ್ನು ಹೆಸರಿಸುತ್ತಾನೆ, ಲೂಕನು ಯೊಹಾನ್ನಳನ್ನೂ ಬೇರೆ ಸ್ತ್ರೀಯರನ್ನೂ ಸೇರಿಸುತ್ತಾನೆ, ಯೋಹಾನನು ಮಗ್ದಲದ ಮರಿಯಳೊಬ್ಬಳನ್ನೇ ಹೆಸರಿಸುತ್ತಾನೆ. ಆದರೂ ಅದೇ ಯೋಹಾನನ 20ನೆಯ ಅಧ್ಯಾಯದಲ್ಲಿ ಆಕೆ ಯೇಸುವಿನ ಶಿಷ್ಯ ಪೇತ್ರನ ಬಳಿಗೆ ಓಡಿ ಬಂದು, ಕರ್ತನನ್ನು ಎಲ್ಲಿಟ್ಟರೋ ‘ನಮಗೆ’ ತಿಳಿಯದು ಎನ್ನುತ್ತಾಳೆ. ಅಂದರೆ ಆಕೆಯ ಜೊತೆ ಬೇರೆಯವರೂ ಇದ್ದಿರಬೇಕು. ಸ್ತ್ರೀಯರ ಸಾಕ್ಷ್ಯಕ್ಕೆ ಅಷ್ಟಾಗಿ ಬೆಲೆಯಿಲ್ಲದ ಕಾಲದಲ್ಲಿ ನಾಲ್ಕು ಸುವಾರ್ತೆಗಾರರೂ ಸ್ತ್ರೀಯರನ್ನೇ ಮೊದಲ ಸಾಕ್ಷಿಗಳನ್ನಾಗಿ ನಿಲ್ಲಿಸಿರುವುದು ಕಟ್ಟುಕಥೆಯ ಲಕ್ಷಣವಲ್ಲ. ಇಷ್ಟನ್ನು ಹೇಳಲು ಐದು ನಿಮಿಷ ಸಾಕಿತ್ತು.

ಕ್ರಿಸ್ತನ ಸಂದೇಶ ಸಾರಿದ ಅಪೊಸ್ತಲ ಪೌಲನು ಏನು ಮಾಡಿದ? ಥೆಸಲೋನಿಕದ ಸಭಾಮಂದಿರದಲ್ಲಿ ಶಾಸ್ತ್ರಗಳನ್ನು ಆಧರಿಸಿ ವಾದಿಸಿದ. ಅಥೇನೆಯಲ್ಲಿ ಅಜ್ಞಾತ ದೇವರ ಬಲಿಪೀಠದಿಂದ ಮಾತು ಆರಂಭಿಸಿ, ಗ್ರೀಕರ ಕವಿಗಳನ್ನೇ ಉದ್ಧರಿಸಿದ. ಕೊರಿಂಥದವರಿಗೆ ಬರೆಯುವಾಗ, ಪುನರುತ್ಥಾನನಾದ ಕ್ರಿಸ್ತನನ್ನು ಕಂಡ ಐನೂರಕ್ಕೂ ಹೆಚ್ಚು ಜನರಲ್ಲಿ ಬಹಳ ಮಂದಿ ಇನ್ನೂ ಬದುಕಿದ್ದಾರೆಂದು ನೆನಪಿಸಿದ. ಎದುರಿಗಿದ್ದವರು ಯಾರೆಂಬುದನ್ನು ನೋಡಿ ಮಾತು ಆರಂಭಿಸುವ ಈ ಎಚ್ಚರವನ್ನು ಬಿಟ್ಟು ನಾವು ನಮ್ಮ ನಮ್ಮ ಪಂಥದ ವಿಧಾನಕ್ಕೆ ಏಕೆ ಜೋತುಬಿದ್ದಿದ್ದೇವೆ?

ಪುರಾವೆಗಳನ್ನು ಮುಂದಿಟ್ಟರೆ ಪಾಪದಿಂದ ಮಂಕಾದ ಮಾನವ ಬುದ್ಧಿಯನ್ನು ದೇವರ ಮೇಲೆ ನ್ಯಾಯಾಧೀಶನನ್ನಾಗಿ ಕೂರಿಸಿದಂತಾಗುತ್ತದೆ ಎಂದು ಕೆಲವು ಸ್ನೇಹಿತರು ಆಕ್ಷೇಪಿಸುತ್ತಾರೆ. ಎಚ್ಚರಿಕೆ ಸರಿಯೇ, ಆದರೆ ಅದನ್ನು ಮೌನಕ್ಕೆ ನೆಪವಾಗಿಸುವುದನ್ನು ನಾನು ಒಪ್ಪಲಾರೆ. ಪುನರುತ್ಥಾನವನ್ನು ನಂಬದ ಶಿಷ್ಯ ತೋಮನು ಗಾಯದ ಗುರುತು ನೋಡಬೇಕೆಂದಾಗ ಕ್ರಿಸ್ತನು ಅವನ ಬುದ್ಧಿಯ ಅರ್ಹತೆಯನ್ನು ಪ್ರಶ್ನಿಸದೆ ತನ್ನ ಕೈಗಳನ್ನು ತೋರಿಸಿದನು. ಸ್ವತಃ ವ್ಯಾನ್ ಟಿಲ್ ಕೂಡ ಚಾರಿತ್ರಿಕ ಸಮರ್ಥನೆಯನ್ನು ತಳ್ಳಿಹಾಕಲಿಲ್ಲ. ಆ ಕೆಲಸವನ್ನು ತಮ್ಮ ಸಹೋದ್ಯೋಗಿಗಳು ತಮಗಿಂತ ಚೆನ್ನಾಗಿ ಮಾಡುತ್ತಿರುವುದರಿಂದ ತಾವು ಅದರಲ್ಲಿ ಹೆಚ್ಚು ತೊಡಗುವುದಿಲ್ಲವೆಂದು ಬರೆದರು. ಅವರ ಹೆಸರು ಹೇಳಿಕೊಂಡು ವೇದಿಕೆ ಏರುವವರು ಅದನ್ನೂ ಓದಬೇಕು.