ಇಂಜಿನಿಯರಿಂಗ್ ಓದಿನ ಸಾಲವನ್ನು ಮಕ್ಕಳೇ ತೀರಿಸಬೇಕೇ?

ಪರ: ತೀರಿಸಲಿ, ತಪ್ಪೇನು?

ಸಿಇಟಿ ರ‍್ಯಾಂಕ್ ಬಂದ ದಿನವೇ ಎಷ್ಟೋ ಮನೆಗಳಲ್ಲಿ ಲೆಕ್ಕ ಶುರುವಾಗುತ್ತದೆ. ಪಿಎಫ್ ತೆಗೆಯೋಣವಾ, ಸೈಟ್ ಮಾರೋಣವಾ, ಅಮ್ಮನ ಬಳೆ ಅಡ ಇಡೋಣವಾ? ಇದೆಲ್ಲ ಮಗನಿಗೆ ಗೊತ್ತಾಗದ ಹಾಗೆ, ರೂಮಿನ ಬಾಗಿಲು ಹಾಕಿಕೊಂಡು. ಅವನು ಹೊರಗೆ ಯಾವ ಲ್ಯಾಪ್‌ಟಾಪ್ ತಗೊಳ್ಳೋದು ಅಂತ ನೋಡುತ್ತಿರುತ್ತಾನೆ.

ಬ್ಯಾಂಕಿನ ಶಿಕ್ಷಣ ಸಾಲ ಇರುವುದೇ ಇದಕ್ಕೆ. 4 ಲಕ್ಷದವರೆಗೆ ಅಡಮಾನ ಬೇಡ. ಕೇಂದ್ರ ಸರ್ಕಾರದ ಸಾಲ ಗ್ಯಾರಂಟಿ ಯೋಜನೆಯಲ್ಲಿ 7.5 ಲಕ್ಷದವರೆಗೂ ಬೇಡ. ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದವರೆಗೆ ಕಂತಿನ ಕಾಟವೂ ಇಲ್ಲ. ಹೀಗಿರುವಾಗ 55 ದಾಟಿದ ಅಪ್ಪ ರಿಟೈರ್‌ಮೆಂಟ್ ದುಡ್ಡನ್ನು ಸುಮ್ನೆ ಯಾಕೆ ಖಾಲಿ ಮಾಡಬೇಕು? ನಾಳೆ ಬಿಪಿ ಮಾತ್ರೆಗೂ ಮಗನ ಮುಖ ನೋಡಬೇಕಾಗುತ್ತದೆ. ಸಾಲ ತನ್ನ ತಲೆ ಮೇಲಿದ್ದರೆ, ಮ್ಯಾನೇಜ್‌ಮೆಂಟ್ ಸೀಟೇ ಬೇಕಾ, ಸಿಇಟಿಯಲ್ಲಿ ಸಿಕ್ಕಿದ್ದು ಸಾಲದಾ ಅಂತ ಅವನೇ ಕೇಳುತ್ತಾನೆ.

ವಿರೋಧ: ಸೀಟು ಆರಿಸಿದ್ದು ಯಾರು?

ಕಾಲೇಜು, ಬ್ರಾಂಚ್ ಆರಿಸುವ ಆಪ್ಷನ್ ಎಂಟ್ರಿಗೆ ಕೂತಾಗ ಮೌಸ್ ಯಾರ ಕೈಲಿರುತ್ತದೆ? ಹುಡುಗಿ ಫಿಸಿಕ್ಸ್ ಓದ್ತೀನಿ ಅನ್ನುತ್ತಾಳೆ. ಬಿಎಸ್ಸಿ ಮಾಡಿ ಏನ್ಮಾಡ್ತೀಯ ಅಂತ ಅಪ್ಪ, ಸೋದರಮಾವ, ಪಕ್ಕದ ಮನೆಯವರು ಸೇರಿ ಕಂಪ್ಯೂಟರ್ ಸೈನ್ಸ್ ಹಾಕಿಸುತ್ತಾರೆ. ಆಸೆ ಇವರದು, ಸಾಲ ಅವಳದು. ಇದ್ಯಾವ ನ್ಯಾಯ?

ಕಂತು ಎಷ್ಟಾಗುತ್ತದೆ ನೋಡಿ. 7.5 ಲಕ್ಷ, ಶೇ. 10 ಬಡ್ಡಿ, 10 ವರ್ಷ ಅಂದರೆ ತಿಂಗಳಿಗೆ ಸುಮಾರು 9,900 ರೂಪಾಯಿ. ಓದುವಾಗ ಬೆಳೆದ ಬಡ್ಡಿ ಸೇರಿದರೆ ಇನ್ನೂ ಜಾಸ್ತಿ. ವರ್ಷಕ್ಕೆ ಮೂರೂವರೆ ಲಕ್ಷದ ಕೆಲಸ ಸಿಕ್ಕವಳ ಕೈಗೆ ಬರುವುದು 25 ಸಾವಿರದ ಆಸುಪಾಸು. ಬೆಂಗಳೂರಿನ ಪಿಜಿ, ಬಸ್ಸು, ಊಟ ಕಳೆದು ಏನು ಉಳಿದೀತು? ಕೆಲಸ ಸಿಗದಿದ್ದರಂತೂ ಬ್ಯಾಂಕಿನವರ ಫೋನ್ ಅಪ್ಪನಿಗೇ ಬರುತ್ತದೆ. ಸಹ-ಸಾಲಗಾರ ಅಂತ ಸಹಿ ಹಾಕಿರುವುದು ಅವರೇ ಅಲ್ವಾ?

ಇನ್ನೊಂದು ವಿಷಯ. ನಮ್ಮ ಎಷ್ಟೋ ಮನೆಗಳಲ್ಲಿ ದೊಡ್ಡ ಮಕ್ಕಳ ಸಂಬಳ ಬಂದ ಕೂಡಲೇ ಚಿಕ್ಕವರ ಫೀಸಿಗೆ ಹೋಗುತ್ತದೆ. ಮಕ್ಕಳು ಆಗಲೇ ಪಾಲು ಕೊಡುತ್ತಿದ್ದಾರೆ, ಯಾರೂ ಲೆಕ್ಕ ಬರೆದಿಟ್ಟಿಲ್ಲ ಅಷ್ಟೆ. ಅದರ ಮೇಲೆ ಕಂತೂ ಬಿದ್ದರೆ ತಮ್ಮನ ಡಿಪ್ಲೊಮಾ ಫೀಸು ಕಟ್ಟೋದು ಯಾರು? ಮದುವೆ ಮಾತು ಬಂದಾಗ "ಹುಡುಗಿ ಮೇಲೆ ಸಾಲ ಇದೆಯಂತೆ" ಅನ್ನುವವರಿಗೂ ಬರವಿಲ್ಲ. ಆ ಭಯಕ್ಕೇ ಮಗಳಿಗೆ ಊರಿನ ಡಿಗ್ರಿ ಕಾಲೇಜು ಸಾಕು ಅಂದುಬಿಡುವ ಮನೆಗಳಿವೆ.

ದುಡ್ಡಿಲ್ಲದ ಅಪ್ಪ ಸಾಲ ಮಾಡಿಸಲಿ, ಬೇಡ ಅನ್ನಲ್ಲ. ಇದ್ದೂ "ನೀನೇ ತೀರಿಸು, ಜವಾಬ್ದಾರಿ ಬರಲಿ" ಅನ್ನುವವರು ಬ್ರಾಂಚ್ ಆರಿಸುವುದನ್ನೂ ಮಕ್ಕಳಿಗೇ ಬಿಡಲಿ.