ಮಂಗಳವಾರ ಕೂಲಿ ಬಿಟ್ಟು ಹೋಗೋದು ಹೇಗೆ?

ಮೂಢನಂಬಿಕೆಯಿಂದಲೇ ಜನ ಮನೋವೈದ್ಯರ ಹತ್ತಿರ ಹೋಗದೆ ಗುಡಿ, ದರ್ಗಾ ಸುತ್ತುತ್ತಾರೆ ಅಂತ ಒಂದು ಲೇಖನದಲ್ಲಿ ಲೇಖಕರು ಬರೆದಿದ್ದಾರೆ. ಅರ್ಧ ಒಪ್ಪುತ್ತೇನೆ. 2001ರಲ್ಲಿ ತಮಿಳುನಾಡಿನ ಎರವಾಡಿಯಲ್ಲಿ, ದರ್ಗಾ ಹತ್ತಿರ ಸರಪಳಿ ಬಿಗಿದು ಇಟ್ಟಿದ್ದ 28 ಮಾನಸಿಕ ರೋಗಿಗಳು ಬೆಂಕಿಗೆ ಸಿಕ್ಕಿ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಗಳಿಗೆ ಸರಪಳಿ ಹಾಕುವುದನ್ನು ಪೂರ್ತಿ ನಿಷೇಧಿಸಿದ್ದು ಸರಿಯಾಗೇ ಇದೆ.

ಆದರೆ ಗುಜರಾತಿನ ಉನಾವಾ ದರ್ಗಾ ನೋಡಿ. ಅಲ್ಲಿ ದರ್ಗಾ ನೋಡಿಕೊಳ್ಳುವ ಮುಜಾವರರಿಗೇ ತರಬೇತಿ ಕೊಟ್ಟು, ದುವಾ (ಪ್ರಾರ್ಥನೆ) ಜೊತೆ ಮಾತ್ರೆಯೂ ಸಿಗುವ ಹಾಗೆ ಮಾಡಿದರು. ಯಾರ ನಂಬಿಕೆಯನ್ನೂ ಹೀಯಾಳಿಸಲಿಲ್ಲ.

ನಮ್ಮಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಕಾಯಿಲೆ ನೋಡುವ ಮನೋಚೈತನ್ಯ ಕ್ಲಿನಿಕ್ ಇದೆ, ಒಳ್ಳೆಯ ಯೋಜನೆ. ನಮ್ಮ ಚಿಕ್ಕಮ್ಮನನ್ನು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. "ಎದೆ ಧಗಧಗ ಅಂತದೆ ಸಾರ್, ರಾತ್ರಿ ಕಣ್ಣು ಮುಚ್ಚಲ್ಲ" ಅಂದರು. ಸಂಘದ ಸಾಲದ ಕಂತು, ಗಂಡನ ಕುಡಿತ ಎರಡೂ ಬಾಯಿಗೆ ಬರುವಷ್ಟರಲ್ಲಿ ಚೀಟಿ ಕೈಗೆ ಬಂದಿತ್ತು. "ಟೆನ್ಷನ್ ಮಾಡ್ಕೋಬೇಡಿ" ಅಂದರು ಡಾಕ್ಟರು. ಅಷ್ಟೇ. ಯಾವ ಕೇರಿ ಅಂತ ಕೇಳಿದ ಮೇಲೆ ಕೌಂಟರಿನವರ ಮಾತಿನ ಧಾಟಿಯೇ ಬೇರೆ ಆಯ್ತು. ಬಸ್ ಏನೋ ಈಗ ಫ್ರೀ, ಆವತ್ತಿನ ಕೂಲಿ ಯಾರು ಕೊಡ್ತಾರೆ? ಇದನ್ನೆಲ್ಲ ಮೂಢನಂಬಿಕೆ ಲೆಕ್ಕಕ್ಕೆ ಹಾಕೋಕಾಗುತ್ತಾ?

ಡಾಕ್ಟರರನ್ನೇ ಬೈದು ಪ್ರಯೋಜನ ಇಲ್ಲ, ಹೊರಗೆ ಅಷ್ಟು ದೊಡ್ಡ ಸಾಲಿತ್ತು. ಪಕ್ಕದಲ್ಲಿ ಕೂತು ಕೇಳೋಕೆ ಅದೇ ಊರಿನ, ಅದೇ ಕೇರಿಯ ಒಬ್ಬ ಹೆಣ್ಣುಮಗಳಿಗೆ ಸಂಬಳ ಕೊಟ್ಟು ಕೂರಿಸಲಿ. ಆಶಾ ಕಾರ್ಯಕರ್ತೆಯರ ಮೇಲೇ ಇದನ್ನೂ ಹೇರಬೇಡಿ, ಪಾಪ.

ಅಂದಹಾಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ. ಆ ನಂಬರನ್ನು ರೇಷನ್ ಅಂಗಡಿ ಗೋಡೆ ಮೇಲೂ ಬರೆಸಿ.