ಪಾರ್ಕಿನ ಜಾಗದಲ್ಲಿ ಪಾರ್ಕ್‌ಲ್ಯಾಂಡ್

ವಿಜಯಪುರದಲ್ಲಿ ‘ಲೇಔಟ್’ ಎಂಬ ಶಬ್ದಕ್ಕೆ ಇರುವುದು ಒಂದೇ ಅರ್ಥ: ಜೋಳದ ಹೊಲವನ್ನು ಎನ್.ಎ. (ಕೃಷಿಯೇತರ ಜಮೀನು) ಮಾಡಿಸಿ, ಕಲ್ಲು ನೆಟ್ಟು, ಮೂವತ್ತು-ನಲವತ್ತರ ತುಂಡುಗಳಾಗಿ ಮಾರುವುದು. ಆದ್ದರಿಂದ ಕಳೆದ ತಿಂಗಳು ಮನೆಗೆ ಬಂದ ಬಣ್ಣದ ಕರಪತ್ರದಲ್ಲಿ ‘ನಮ್ಮ ಗಾಲ್ಫ್ ಕೋರ್ಸಿನ ಇತಿಹಾಸ ಮತ್ತು ಲೇಔಟ್’ ಎಂಬ ತಲೆಬರಹ ಕಂಡಾಗ, ಗಾಲ್ಫನ್ನೂ ಗುಂಟೆ ಲೆಕ್ಕದಲ್ಲಿ ಮಾರಲು ಹೊರಟಿದ್ದಾರೆಂದೇ ನಾನು ಭಾವಿಸಿದೆ. ಆ ಊಹೆ ಬಹಳವೇನೂ ತಪ್ಪಿರಲಿಲ್ಲ.

ಊರ ಹೊರಗಿನ ಆ ಬಡಾವಣೆಯಲ್ಲಿ ಎರಡು ವರ್ಷದ ಹಿಂದೆ ನಾನೂ ಒಂದು ಪ್ಲಾಟು ಹಿಡಿದವನು. ಮಂಜೂರಾದ ನಕ್ಷೆಯಲ್ಲಿ ಉದ್ಯಾನಕ್ಕೆಂದು ಹಸಿರು ಬಣ್ಣ ಬಳಿದು ಬಿಟ್ಟಿದ್ದ ಎರಡು ಎಕರೆ ಹತ್ತು ಗುಂಟೆ ಜಾಗವೇ ಈಗ ಕರಪತ್ರದಲ್ಲಿ ‘ಪಾರ್ಕ್‌ಲ್ಯಾಂಡ್ ಕಂಟ್ರಿ ಕ್ಲಬ್’ ಆಗಿದೆ. ಸದಸ್ಯತ್ವಕ್ಕೆ ಬೇರೆ ಹಣ ಕಟ್ಟಬೇಕು. ಮಾಲೀಕರು ಸುಳ್ಳು ಹೇಳಿದ್ದಾರೆಂದು ಯಾರೂ ಬೊಟ್ಟು ಮಾಡುವಂತಿಲ್ಲ. ಪಾರ್ಕಿನ ಲ್ಯಾಂಡು ಪಾರ್ಕ್‌ಲ್ಯಾಂಡ್ ಆಗದೆ ಇನ್ನೇನಾದೀತು?

ಗಾಲ್ಫ್ ಬಲ್ಲವರು ಈ ಶಬ್ದಕ್ಕೆ ಬೇರೆ ಅರ್ಥ ಹೇಳುತ್ತಾರೆ, ಅದು ಅವರ ಕರ್ಮ. ಸ್ಕಾಟ್ಲೆಂಡಿನ ಕಡಲಂಚಿನ ಮರಳುದಿಬ್ಬಗಳ ಮೇಲೆ, ಮರಗಳಿಲ್ಲದ ಗಾಳಿಬಯಲಿನಲ್ಲಿ ಇರುವುದು ‘ಲಿಂಕ್ಸ್’. ಒಳನಾಡಿನಲ್ಲಿ, ಮರಗಳ ನಡುವೆ, ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ ಹರಡಿಕೊಂಡಿರುವುದು ‘ಪಾರ್ಕ್‌ಲ್ಯಾಂಡ್’. ಅಷ್ಟು ಹುಲ್ಲನ್ನು ಯಂತ್ರದಿಂದ ಕತ್ತರಿಸಬಹುದೆಂದು ಲೋಕಕ್ಕೆ ತಿಳಿದದ್ದು 1830ರಲ್ಲಿ, ಎಡ್ವಿನ್ ಬಡಿಂಗ್ ಎಂಬ ಇಂಗ್ಲಿಷ್ ಕುಶಲಕರ್ಮಿ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದಾಗ. ಅದಕ್ಕೂ ಮೊದಲು ಆ ಕೆಲಸವನ್ನು ಕುರಿಗಳೂ ಮೊಲಗಳೂ ಸಂಬಳವಿಲ್ಲದೆ ಮಾಡುತ್ತಿದ್ದವು. ಕುರಿಗಳು ಗಾಳಿಗೆ ಬೆನ್ನುಕೊಟ್ಟು ಮಲಗಿ ಮಲಗಿ ತಗ್ಗು ಬಿದ್ದ ಮರಳೇ ಮುಂದೆ ‘ಬಂಕರ್’ ಎಂಬ ಮರಳುಗುಂಡಿ ಆಯಿತೆಂದು ಹೇಳುವವರೂ ಇದ್ದಾರೆ. ಹೀಗಾಗಿ ಗಾಲ್ಫ್ ಕೋರ್ಸಿನ ಮೊದಲ ವಾಸ್ತುಶಿಲ್ಪಿಯ ಹೆಸರನ್ನು ಎಲ್ಲಾದರೂ ಕೆತ್ತಿಸಬೇಕೆಂದರೆ ಕುರಿಯ ಹೆಸರನ್ನೇ ಕೆತ್ತಿಸಬೇಕು.

ನಾನು ಜಾಗ ನೋಡಲು ಹೋದ ರವಿವಾರ ಆ ವಾಸ್ತುಶಿಲ್ಪಿಗಳು ನಲವತ್ತು-ಐವತ್ತರ ಹಿಂಡಾಗಿ ಗೇಟಿನ ಮುಂದೆಯೇ ನಿಂತಿದ್ದವು. ಕಾವಲುಗಾರ ಕೋಲು ಅಡ್ಡ ಹಿಡಿದು, “ಕುರಿ ಒಳಗ ಬಿಡಾಂಗಿಲ್ಲ ಯಜ್ಜಾ, ಒಳಗ ಗಾಲ್ಫ್ ಐತಿ” ಎನ್ನುತ್ತಿದ್ದ. ಹೆಗಲ ಮೇಲೆ ಕಂಬಳಿ ಹೊತ್ತ ಮುದುಕ ಒಳಗೆ ಇಣುಕಿ ನೋಡಿ, “ಹುಲ್ಲ ಇಲ್ಲಲ್ಲೋ ತಮ್ಮಾ, ಕುರಿ ಒಳಗ ಬಂದರ ಏನ್ ತಿಂತಾವು, ಗಾಲ್ಫ್ ತಿಂತಾವೇನು?” ಎಂದು ಕೇಳಿ ಮುಂದೆ ನಡೆದ. ಆ ಕೋರ್ಸನ್ನು ಕುರಿತು ಇದಕ್ಕಿಂತ ಖಚಿತವಾದ ತಜ್ಞ ವರದಿಯನ್ನು ನಾನಂತೂ ಕೇಳಿಲ್ಲ.

ಇನ್ನು ಇತಿಹಾಸ. ಕರಪತ್ರದಲ್ಲಿ ಅದು 1457ರಿಂದ ಆರಂಭವಾಗುತ್ತದೆ. ಎರಡನೆಯ ಜೇಮ್ಸ್ ದೊರೆಯ ಕಾಲದ ಸ್ಕಾಟ್ಲೆಂಡ್ ಸಂಸತ್ತು, ಜನರು ಬಿಲ್ಲುವಿದ್ಯೆಯ ಅಭ್ಯಾಸ ಬಿಟ್ಟು ಈ ಆಟದ ಬೆನ್ನು ಹತ್ತಿದ್ದಾರೆಂದು ಆ ವರ್ಷ ಗಾಲ್ಫನ್ನು ನಿಷೇಧಿಸಿತು. ನಮ್ಮ ಕರಪತ್ರ ಅದನ್ನು ‘ರಾಜಮನೆತನದ ನಂಟು’ ಎಂದು ಬಣ್ಣಿಸಿದೆ. ಅಲ್ಲಿಂದ ಒಂದೇ ನೆಗೆತಕ್ಕೆ 1829ರ ಕಲ್ಕತ್ತ ಗಾಲ್ಫ್ ಕ್ಲಬ್ಬು, ಇನ್ನೊಂದು ನೆಗೆತಕ್ಕೆ 1876ರ ಬೆಂಗಳೂರು ಗಾಲ್ಫ್ ಕ್ಲಬ್ಬು, ಅದರ ಪಕ್ಕದಲ್ಲಿಯೇ ಟೋಪಿ ಹಾಕಿಕೊಂಡ ನಮ್ಮ ಮಾಲೀಕರ ಭಾವಚಿತ್ರ. ಗೋಳಗುಮ್ಮಟದ ಚಿತ್ರವೂ ಇದೆ. ಅದಕ್ಕೂ ಗಾಲ್ಫ್ ಚೆಂಡಿಗೂ ದುಂಡಗಿರುವುದೊಂದನ್ನು ಬಿಟ್ಟು ಬೇರೆ ಸಂಬಂಧ ನನಗೆ ಕಾಣಲಿಲ್ಲ. ‘ಡೋಣಿ ಬೆಳೆದರೆ ಓಣಿಯೆಲ್ಲ ಕಾಳು’ ಎಂಬ ಮಾತಿರುವ ಡೋಣಿ ನದಿಯ ಸೀಮೆಯಲ್ಲಿ, ಮೂರು ವರ್ಷದ ಹಿಂದಿನವರೆಗೂ ಆ ನೆಲ ಮಳೆಯ ನಂತರ ಮಣ್ಣಿನಲ್ಲುಳಿದ ತೇವಕ್ಕೇ ಬಿಳಿಜೋಳ ಬೆಳೆದು ಕೊಡುತ್ತಿದ್ದ ಇತಿಹಾಸ ಮಾತ್ರ ಕರಪತ್ರದಲ್ಲಿ ಎಲ್ಲಿಯೂ ಇಲ್ಲ.

ಲೇಔಟಿನ ವಿಷಯದಲ್ಲಿ ಮಾಲೀಕರು ಪರಂಪರೆಗೆ ನಿಷ್ಠರಾಗಿದ್ದಾರೆಂದು ಒಪ್ಪಲೇಬೇಕು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಕೋರ್ಸಿನಲ್ಲಿ ಮೊದಲು ಒಂದು ಸುತ್ತಿಗೆ 22 ಕುಳಿಗಳಿದ್ದವು, 1764ರಲ್ಲಿ ಅವನ್ನು 18ಕ್ಕೆ ಇಳಿಸಿದರು. ಆ ಇಳಿಸುವ ಕಾರ್ಯವನ್ನು ನಮ್ಮವರು ಮುಂದುವರಿಸಿದ್ದು, ಕರಪತ್ರದಲ್ಲಿ ಒಂಬತ್ತು ಕುಳಿಗಳಿವೆ, ನೆಲದಲ್ಲಿ ಮೂರಿವೆ. ಪೂರ್ಣ ಪ್ರಮಾಣದ ಕೋರ್ಸೊಂದರ ಉದ್ದ ಆರರಿಂದ ಏಳು ಸಾವಿರ ಯಾರ್ಡ್, ಅಂದರೆ ನಮ್ಮ ಗಜ. ಅದಕ್ಕೆ ನೂರು ಎಕರೆಗೂ ಮೇಲ್ಪಟ್ಟ ಜಾಗ ಬೇಕು. ಇಲ್ಲಿನ ಅತಿ ಉದ್ದದ ಕುಳಿಯನ್ನು, ಅಂದರೆ ಚೆಂಡು ಹೊಡೆಯುವ ಜಾಗದಿಂದ ಕುಳಿಯವರೆಗಿನ ದೂರವನ್ನು, ನಾನು ಹೆಜ್ಜೆ ಹಾಕಿ ಅಳೆದೆ, ಎಪ್ಪತ್ತು ಹೆಜ್ಜೆಗೆ ಮುಗಿಯಿತು. ಅದರಾಚೆಗೆ ಹೊಡೆದ ಚೆಂಡು ನಲವತ್ತೊಂದನೆಯ ಪ್ಲಾಟಿನವರ ಅಡುಗೆಮನೆಯ ಕಿಟಕಿಗೆ ಬೀಳುತ್ತದೆ. ಅವರಿಗೆ ‘ಗಾಲ್ಫ್ ವ್ಯೂ’ ಎಂದು ಚದರ ಅಡಿಗೆ ನೂರು ರೂಪಾಯಿ ಹೆಚ್ಚಿಗೆ ಹಚ್ಚಿರುವುದರಿಂದ ಅವರು ದೂರುವಂತೆಯೂ ಇಲ್ಲ.

ಆದರೆ ಕುಳಿಯ ಅಳತೆಯೊಂದು ಮಾತ್ರ ಹೆಚ್ಚುಕಡಿಮೆ ಸರಿಯಾಗಿದೆ, ಅದರ ಕಾರಣ ತಿಳಿದು ನನಗೆ ಸಂತೋಷವೇ ಆಯಿತು. ಗಾಲ್ಫ್ ಕುಳಿಯ ಅಗಲ ನಾಲ್ಕೂ ಕಾಲು ಇಂಚು, ಅಂದರೆ 108 ಮಿಲಿಮೀಟರ್ ಇರಬೇಕೆಂದು 1890ರ ದಶಕದಲ್ಲಿ ನಿಗದಿಯಾಯಿತು. ನಮ್ಮ ಪ್ಲಂಬರ್‌ಗಳು ‘ನಾಲ್ಕಿಂಚಿನ ಪೈಪು’ ಎಂದು ಕರೆಯುವ ಒಳಚರಂಡಿಯ ಪಿ.ವಿ.ಸಿ. ಕೊಳವೆಯ ಹೊರ ಅಗಲ 110 ಮಿಲಿಮೀಟರ್. ಬಾಗಿ ನೋಡಿದರೆ ಮೂರೂ ಕುಳಿಗಳಲ್ಲಿ ಅದೇ ಬೂದು ಬಣ್ಣದ ಪೈಪಿನ ಗೇಣುದ್ದದ ತುಂಡು, ಗರಗಸದಿಂದ ಕೊಯ್ದ ಅಂಚು ಇನ್ನೂ ಒರಟೊರಟು. ಎರಡು ವರ್ಷದಿಂದ ನಾವು ಕೇಳುತ್ತಿರುವ ಒಳಚರಂಡಿಯ ಕೆಲಸ ಬಡಾವಣೆಯಲ್ಲಿ ಆರಂಭವಾದದ್ದು ಹೀಗೆ.

ಎರೆಮಣ್ಣಿನ ಮಾತನ್ನು ಬೇರೆ ಹೇಳಬೇಕಿಲ್ಲ. ಗಾಲ್ಫ್ ಚೆಂಡಿನ ಅಗಲ 42.67 ಮಿಲಿಮೀಟರಿಗಿಂತ ಕಡಿಮೆ ಇರಬಾರದೆಂದು ನಿಯಮವಿದೆ. ನಮ್ಮ ಎರೆಹೊಲ ಏಪ್ರಿಲ್ ತಿಂಗಳಲ್ಲಿ ಬಾಯಿಬಿಡುವ ಬಿರುಕಿಗೆ ಆ ನಿಯಮ ಗೊತ್ತಿಲ್ಲ. ಹೀಗೆ ನೋಡಿದರೆ ಕುಳಿಗಳು ಮೂರೇ ಎಂಬ ನನ್ನ ಆಕ್ಷೇಪವನ್ನು ಹಿಂತೆಗೆದುಕೊಳ್ಳಬೇಕಾದೀತು.

ಎಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದದ್ದು ‘ವಾಟರ್ ಹಜಾರ್ಡ್’. ಆಟಗಾರನ ಚೆಂಡು ಬೀಳಲೆಂದು ಅಡ್ಡ ಇಟ್ಟಿರುವ ಕೊಳಕ್ಕೆ ಗಾಲ್ಫಿನವರು ಇಟ್ಟ ಹೆಸರಿದು; ನೀರೆಂಬುದೇ ಅಪಾಯ ಎಂದು ಅದರ ತಾತ್ಪರ್ಯ. ನೀರಿಲ್ಲದಿರುವುದನ್ನೇ ಅಪಾಯವೆಂದು ತಲೆಮಾರುಗಳಿಂದ ತಿಳಿದುಕೊಂಡು, ಅದಕ್ಕೆಂದು ತಾಜ್ ಬಾವಡಿ, ಬೇಗಂ ತಲಾಬ್‌ಗಳನ್ನು ಕಟ್ಟಿಸಿಕೊಂಡ ಊರಿಗೆ ಈ ತತ್ವ ತುಸು ಹೊಸದು. ಕೊಳದ ತಳಕ್ಕೆ ನೀಲಿ ತಾಡಪತ್ರಿ ಹಾಸಿದ್ದಾರೆ. ರವಿವಾರ ಗಿರಾಕಿಗಳು ಬರುವ ಮುಂಚೆ ಎರಡು ಟ್ಯಾಂಕರ್ ನೀರು ಸುರಿಯುತ್ತಾರೆ, ಸೋಮವಾರಕ್ಕೆ ತಾಡಪತ್ರಿ ಕಾಣುತ್ತದೆ. ನೀರು ಬಿಸಿಲಿಗೆ ಆರುವುದೆಂದು ಮಾಲೀಕರ ನಂಬಿಕೆ.

ಸಂಜೆ ಗಿರಾಕಿಗಳ ಕಾರುಗಳು ಹೊರಟುಹೋದ ಮೇಲೆ, ಬಡಾವಣೆಯಲ್ಲಿ ಮನೆ ಕಟ್ಟಿಸಿ ನಳ ಬರುವುದನ್ನು ಕಾಯುತ್ತ ಕುಳಿತ ಐದಾರು ಮನೆಯವರು ಕೊಡ ಹಿಡಿದು ಬಂದರು. ಎಲ್ಲರಿಗಿಂತ ಮುಂದಿದ್ದ ಅಜ್ಜಿ ಸೀರೆಯ ಸೆರಗನ್ನು ಮಡಿಚಿ ಕೊಡದ ಬಾಯಿಗೆ ಸೋಸಲು ಇಟ್ಟು, ಬಗ್ಗಿ ಮೊಗೆಯತೊಡಗಿದಳು. ಕಾವಲುಗಾರ ಓಡಿ ಬಂದ.

“ಆಯಿ, ಅದನ್ನ ಮುಟ್ಟಬ್ಯಾಡ್ರಿ, ಅದು ಹಜಾರ್ಡ್ ಐತ್ರಿ!”

ಅಜ್ಜಿ ತಲೆಯೆತ್ತಿ ನೋಡಿದಳು. “ಒಂದ ಕೊಡಕ್ಕ ಹಜಾರ್ ಏನೋ? ಎಂಟುನೂರಕ್ಕ ಇಡೀ ಟ್ಯಾಂಕರ್ರ ಬರತೈತಲ್ಲೋ ಮೂಳಾ” ಎಂದು ಎರಡನೆಯ ಕೊಡಕ್ಕೆ ಸೆರಗು ಹಾಸಿದಳು.